ಮುಂದಿನ ವಾರಕ್ಕೆ ವಾಸಿಯಾಗದ ಗಾಯ

ದ್ರಾಕ್ಷಿ ತೋಟದ ಕೆಸರಿನಲ್ಲಿ ನಡುವಯಸ್ಸಿನ ಅಣ್ಣತಮ್ಮಂದಿರಿಬ್ಬರು ಹೊಡೆದಾಡುತ್ತಾರೆ. ಮೈಯೆಲ್ಲ ರಾಡಿ. ಹೊಡೆದಾಟ ನಗುವಿಗೆ ತಿರುಗುತ್ತದೆ, ನಗುನಗುತ್ತಲೇ ತಮ್ಮನಿಗೆ ಅಳು ಒತ್ತರಿಸಿ ಬರುತ್ತದೆ. ತನ್ನನ್ನು ಸೆರೆ ಹಿಡಿದವರು ತಾನು ಅನ್ನುವುದನ್ನೇ ಕಿತ್ತುಕೊಂಡರು, ತನ್ನನ್ನು ಮುಂದಿಟ್ಟುಕೊಂಡು ಕೊಂದರು, ತಡೆಯಬೇಕಿತ್ತು, ಆಗಲಿಲ್ಲ ಎಂದು ಬಿಕ್ಕುತ್ತಾನೆ. ಅಣ್ಣ ಹುಸಿ ಸಮಾಧಾನ ಹೇಳುವುದಿಲ್ಲ. ಇದು ಬಹಳ ಕಾಲ ನಿನ್ನ ಜೊತೆಗೇ ಇರುತ್ತದೆ, ಇಟ್ಟುಕೊಂಡೇ ಬಾಳುವುದನ್ನು ಕಲಿಯಬೇಕು ಎಂಬರ್ಥದ ಮಾತಾಡಿ ಸುಮ್ಮನಾಗುತ್ತಾನೆ.

ತಮ್ಮನ ಹೆಸರು ಜ್ಯಾನ್-ಲೂಕ್ ಪಿಕಾರ್ಡ್. ಇಪ್ಪತ್ನಾಲ್ಕನೇ ಶತಮಾನದ ‘ಎಂಟರ್‌ಪ್ರೈಸ್’ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್. ಇದು 1990ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ‘ಫ್ಯಾಮಿಲಿ’ ಎಂಬ ಕಂತು. ಅದರ ಹಿಂದಿನ ಎರಡು ಕಂತುಗಳಲ್ಲಿ ಬೋರ್ಗ್ ಎಂಬ ಯಂತ್ರ-ಜೀವಿಗಳ ಗುಂಪು ಪಿಕಾರ್ಡ್‌ನನ್ನು ಹೊತ್ತೊಯ್ದು, ಮೈಗೆ ಯಂತ್ರ ಜೋಡಿಸಿ, ಅವನ ತಲೆಯೊಳಗಿನ ತಿಳಿವಳಿಕೆಯನ್ನೇ ಬಳಸಿಕೊಂಡು ಅವನ ಪಡೆಯ 39 ಹಡಗುಗಳನ್ನು ಪುಡಿ ಮಾಡಿತ್ತು. ಕೊನೆಗೆ ಗೆಳೆಯರು ಬಿಡಿಸಿಕೊಂಡು ಬಂದಿದ್ದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆ ಕಾಲದ ಟಿವಿ ಕಥೆ ಮುಗಿಯುತ್ತಿದ್ದದ್ದೇ ಹಾಗೆ.

ಮೊದಲ ಸಲ ನೋಡಿದಾಗ ನನಗೆ ಈ ಕಂತು ಸಪ್ಪೆ ಅನ್ನಿಸಿತ್ತು. ಯುದ್ಧವಿಲ್ಲ, ಗ್ರಹವಿಲ್ಲ, ನೌಕೆಯ ಕಮಾಂಡ್ ಕೋಣೆಯ ಒಂದೇ ಒಂದು ದೃಶ್ಯವೂ ಇಲ್ಲ. ಈಗ ಅನ್ನಿಸುತ್ತದೆ, ಟಿವಿಯಲ್ಲಿ ದೊಡ್ಡ ಆಘಾತದ ನಂತರ ಮನಸ್ಸನ್ನು ಕಾಡುವ ‘ಆಘಾತೋತ್ತರ’ ಕಾಯಿಲೆಯ, ಅಂದರೆ ಪಿಟಿಎಸ್‌ಡಿಯ ಕಥೆ ಶುರುವಾಗಬೇಕಾದ ಜಾಗವೇ ಅದು: ಎಲ್ಲ ಮುಗಿಯಿತು ಎಂದು ಎಲ್ಲರೂ ಎದ್ದು ಹೋದ ಮೇಲಿನ ಖಾಲಿ ಅಂಗಳ.

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಳೆಯ ‘ಸ್ಟಾರ್ ಟ್ರೆಕ್’ ನೋಡಿದವರಿಗೆ ಸ್ಪಾಕ್‌ನ ಚೂಪು ಕಿವಿ ನೆನಪಿರಬಹುದು. ಅದರ ಕ್ಯಾಪ್ಟನ್ ಕರ್ಕ್ 1967ರ ಏಪ್ರಿಲ್ 6ರ ಕಂತಿನಲ್ಲಿ ತಾನು ಪ್ರೀತಿಸಿದ ಹೆಂಗಸು ಕಣ್ಣೆದುರೇ ವಾಹನಕ್ಕೆ ಸಿಕ್ಕಿ ಸಾಯುವುದನ್ನು ನೋಡುತ್ತಾನೆ. ಉಳಿಸಲು ಹೊರಟ ಗೆಳೆಯನನ್ನು ತಾನೇ ತಡೆದು ಹಿಡಿದಿರುತ್ತಾನೆ. ಮುಂದಿನ ವಾರ, ಏಪ್ರಿಲ್ 13ರ ಕಂತಿನಲ್ಲಿ, ಅವನ ಸ್ವಂತ ಅಣ್ಣ ಸತ್ತು ಬಿದ್ದಿರುತ್ತಾನೆ. ಎರಡು ವಾರದಲ್ಲಿ ಎರಡು ಸಾವು. ಮುಂದಿನ ಸೀಸನ್‌ನಲ್ಲಿ ಕರ್ಕ್ ಮಾಮೂಲಿನಂತೆ ಅಂಗಿ ಹರಿದುಕೊಂಡು ಹೊಡೆದಾಡುತ್ತಾನೆ. ಇದರಲ್ಲಿ ಬರಹಗಾರರ ಕಲ್ಲೆದೆಯೇನೂ ಇಲ್ಲ, ವ್ಯಾಪಾರದ ಲೆಕ್ಕವಿದೆ. ಕಂತುಗಳನ್ನು ಯಾವ ಚಾನೆಲ್ ಯಾವ ಕ್ರಮದಲ್ಲಿ ಹಾಕಿದರೂ ನೋಡುಗನಿಗೆ ಅರ್ಥವಾಗಬೇಕು. ಹಾಗಾಗಿ ಪ್ರತಿ ವಾರವೂ ಸ್ಲೇಟು ಒರೆಸಿಡಬೇಕು.

ಪಿಟಿಎಸ್‌ಡಿ ಎನ್ನುವುದು ಸ್ಲೇಟು ಒರೆಸಲಾಗದ ಕಾಯಿಲೆ. ಆದ್ದರಿಂದಲೇ ಟಿವಿಗೂ ಅದಕ್ಕೂ ಹುಟ್ಟಿನಿಂದಲೇ ಎಣ್ಣೆ-ಸೀಗೆಕಾಯಿ ಸಂಬಂಧ. ‘ಫ್ಯಾಮಿಲಿ’ ಬರೆದ ರೊನಾಲ್ಡ್ ಡಿ. ಮೂರ್ ಎಂಬ ಹೊಸ ಹುಡುಗ ಸ್ಲೇಟು ಒರೆಸಲು ಒಪ್ಪಲಿಲ್ಲ. ಆಮೇಲೆ ಬಂದ ಕಥೆಗಳೂ ಅಣ್ಣನ ಮಾತು ಉಳಿಸಿಕೊಂಡವು. 1996ರ ಸಿನಿಮಾದಲ್ಲಿ ಬೋರ್ಗ್ ಹೆಸರೆತ್ತಿದರೆ ಸಾಕು, ಅಷ್ಟು ಸಂಯಮದ ಪಿಕಾರ್ಡ್ ಗಾಜಿನ ಕಪಾಟು ಒಡೆದು ಹಾಕುತ್ತಾನೆ. 2020ರ ‘ಪಿಕಾರ್ಡ್’ ಧಾರಾವಾಹಿಯಲ್ಲಿ, ಮುದುಕನಾದ ಮೇಲೆ, ನಿಷ್ಕ್ರಿಯವಾದ ಬೋರ್ಗ್ ನೌಕೆಯೊಳಗೆ ಕಾಲಿಟ್ಟರೂ ತತ್ತರಿಸುತ್ತಾನೆ. ‘ಫ್ಯಾಮಿಲಿ’ ಕಂತಿನಿಂದ ಅಲ್ಲಿಗೆ ನೋಡುಗರ ಲೆಕ್ಕದಲ್ಲೂ 30 ವರ್ಷ.

ಕಾಯಿಲೆಯ ವಿಚಾರಕ್ಕೆ ಬರೋಣ. ತೆನಾಲಿ ರಾಮಕೃಷ್ಣನ ಬೆಕ್ಕು ನಮಗೆಲ್ಲ ಗೊತ್ತು. ಒಮ್ಮೆ ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡಿತು, ಆಮೇಲೆ ತಣ್ಣನೆ ಹಾಲಿಟ್ಟರೂ ಓಡಿತು. ಪಿಟಿಎಸ್‌ಡಿಯ ಒಂದು ಮಗ್ಗುಲು ಇದೇ. ಬೆಕ್ಕಿಗೆ ಹಾಲಾದರೆ, ಮನುಷ್ಯನಿಗೆ ಡೀಸೆಲ್ ವಾಸನೆ, ಪಟಾಕಿ ಸದ್ದು, ಒಂದು ಬಗೆಯ ಮೀಸೆ, ಮಧ್ಯಾಹ್ನದ ಒಂದು ಬಗೆಯ ಬಿಸಿಲು. ಆದರೆ ಬೆಕ್ಕಿಗೆ ಇಲ್ಲದ ಒಂದು ತಾಪತ್ರಯ ಮನುಷ್ಯನಿಗಿದೆ. ಅವನು ಆ ಕ್ಷಣವನ್ನು ನೆನಪಿಸಿಕೊಳ್ಳುತ್ತಿಲ್ಲ, ಅದರೊಳಗೇ ಇದ್ದಾನೆ. ನೆನಪಿಗೆ ‘ಇದು ಆಗಿ ಹೋದದ್ದು’ ಎಂಬ ಮೊಹರು ಬಿದ್ದಿರುವುದಿಲ್ಲ. ಕನ್ನಡದಲ್ಲಿ ಭೂತ ಎಂದರೆ ಕಳೆದ ಕಾಲವೂ ಹೌದು, ಮೆಟ್ಟಿಕೊಳ್ಳುವ ದೆವ್ವವೂ ಹೌದು. ಈ ಕಾಯಿಲೆಯ ಮಟ್ಟಿಗೆ ನಮ್ಮ ಪದ ಇಂಗ್ಲಿಷಿನ ನಾಲ್ಕಕ್ಷರಕ್ಕಿಂತ ಹೆಚ್ಚು ಹೇಳುತ್ತದೆ.

ವಿಜ್ಞಾನ ಕಥೆಗೆ ಇಲ್ಲೊಂದು ಅನುಕೂಲವಿದೆ. ಕಾಲವನ್ನು ಬಗ್ಗಿಸುವುದು ಅದರ ಕುಲಕಸುಬು. ಮಾಮೂಲಿ ನಾಟಕದಲ್ಲಿ ‘ಅವನು ಇನ್ನೂ ಅಲ್ಲೇ ಇದ್ದಾನೆ’ ಎಂದರೆ ಅದು ಬರೀ ಮಾತಿನ ಅಲಂಕಾರ. ವಿಜ್ಞಾನ ಕಥೆಯಲ್ಲಿ ಅವನನ್ನು ನಿಜವಾಗಿಯೂ ಅಲ್ಲೇ ನಿಲ್ಲಿಸಬಹುದು.

1993ರ ಜನವರಿಯಲ್ಲಿ ಶುರುವಾದ, ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ನಡೆಯುವ ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ನ ಮೊದಲ ಕಂತು ಮಾಡಿದ್ದು ಅದನ್ನೇ. ಪಿಕಾರ್ಡ್‌ನನ್ನು ಮುಂದಿಟ್ಟುಕೊಂಡು ಬೋರ್ಗ್ ನಡೆಸಿದ ಆ ದಾಳಿಯಲ್ಲೇ ಬೆಂಜಮಿನ್ ಸಿಸ್ಕೊ ಎಂಬ ಅಧಿಕಾರಿಯ ಹೆಂಡತಿ ಸತ್ತಿರುತ್ತಾಳೆ. ಮೂರು ವರ್ಷದ ನಂತರ ಅವನು ಕಾಲವೆಂದರೇನೆಂದೇ ಗೊತ್ತಿಲ್ಲದ ಜೀವಿಗಳ ಕೈಗೆ ಸಿಗುತ್ತಾನೆ. ಅವರಿಗೆ ನಿನ್ನೆ, ನಾಳೆ ಎಂಬುದಿಲ್ಲ, ಎಲ್ಲವೂ ಒಟ್ಟಿಗೇ ಇರುತ್ತದೆ. ಸಿಸ್ಕೊ ಬೇಸ್‌ಬಾಲ್ ಆಟದ ಉದಾಹರಣೆ ಕೊಟ್ಟು ಪಾಠ ಹೇಳುತ್ತಾನೆ: ಒಂದು ಎಸೆತ ಮುಗಿದ ಮೇಲೆ ಇನ್ನೊಂದು, ಏನಾಗುತ್ತದೋ ಮೊದಲೇ ಗೊತ್ತಿಲ್ಲ, ನಾವು ಬದುಕುವುದು ಹೀಗೆ, ಒಂದೇ ದಿಕ್ಕಿನಲ್ಲಿ. ಅವರು ತಲೆದೂಗುವುದಿಲ್ಲ. ಮತ್ತೆ ಮತ್ತೆ ಅವನನ್ನು ಉರಿಯುವ ಹಡಗಿನ ಆ ಕೋಣೆಗೇ ತಂದು ನಿಲ್ಲಿಸುತ್ತಾರೆ. ಹೆಂಡತಿಯ ಹೆಣ, ಹೊಗೆ, ಬಾಗಿಲಲ್ಲಿ ಅವನು. ಇಲ್ಲಿಗೇಕೆ ಕರೆತರುತ್ತೀರಿ ಎಂದು ಅವನು ಕೂಗುತ್ತಾನೆ. ಅವರ ಉತ್ತರ: ನಾವಲ್ಲ, ನೀನೇ ಕರೆತರುತ್ತಿರುವುದು, ನೀನು ಇರುವುದೇ ಇಲ್ಲಿ. ಕೊನೆಗೆ ಅವನಿಗೇ ಹೊಳೆಯುತ್ತದೆ. ಕಣ್ಣು ಮುಚ್ಚಿದಾಗಲೆಲ್ಲ ಕಾಣುವುದು ಇದೇ, ತಾನು ಈ ಹಡಗು ಬಿಟ್ಟು ಹೊರಟೇ ಇಲ್ಲ. ಕಾಲದ ಬಗ್ಗೆ ಪಾಠ ಹೇಳಲು ಹೋದವನು ತನ್ನ ಬದುಕೇ ಆ ಪಾಠದ ಹಾಗೆ ಇಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಮನೋವೈದ್ಯರು ಪುಟಗಟ್ಟಲೆ ಬರೆಯುವುದನ್ನು ಇಷ್ಟು ಸರಳವಾಗಿ ಟಿವಿಯಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಉಪಾಯ ಟಿವಿಗಿಂತ ಹಳೆಯದು, ಕಾಯಿಲೆಯ ಹೆಸರಿಗಿಂತಲೂ ಹಳೆಯದು. ಕರ್ಟ್ ವಾನೆಗಟ್ 1945ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್ ನಗರ ಬಾಂಬಿಗೆ ಸುಟ್ಟುಹೋದಾಗ ಅಲ್ಲಿ ಯುದ್ಧಕೈದಿಯಾಗಿದ್ದ, ಕಸಾಯಿಖಾನೆಯ ನೆಲಮಾಳಿಗೆಯಲ್ಲಿ ಬದುಕುಳಿದ. ಅದನ್ನು ಬರೆಯಲು ಅವನಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1969ರಲ್ಲಿ ‘ಸ್ಲಾಟರ್‌ಹೌಸ್-ಫೈವ್’ ಬಂದಾಗ ಅದರ ನಾಯಕ ಕಾಲದ ಗೂಟ ಕಿತ್ತುಕೊಂಡ ಮನುಷ್ಯ. ಒಂದು ಬಾಗಿಲಿಂದ ಮುದುಕನಾಗಿ ಒಳಹೊಕ್ಕು ಇನ್ನೊಂದರಿಂದ ತರುಣನಾಗಿ ಹೊರಬರುತ್ತಾನೆ. ವಿಯೆಟ್ನಾಂನಲ್ಲಿ ಗಾಯಗೊಂಡು ಬಂದ ಜೋ ಹಾಲ್ಡೆಮನ್ 1974ರಲ್ಲಿ ಬರೆದ ‘ದಿ ಫಾರೆವರ್ ವಾರ್’ನಲ್ಲಿ, ಸೈನಿಕರಿಗೆ ಕೆಲವೇ ವರ್ಷ ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಶತಮಾನಗಳು ಉರುಳಿರುತ್ತವೆ. ಊರಿಗೆ ಬಂದರೆ ಊರೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿ ಎಂಬ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ, ಅದೂ ವಿಯೆಟ್ನಾಂನಿಂದ ಮರಳಿದವರು ಮತ್ತು ಅವರ ಪರ ನಿಂತ ಕೆಲವು ವೈದ್ಯರು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ.

ಯುದ್ಧಭೂಮಿಯನ್ನು ಹೊತ್ತು ತಿರುಗುವವನ ಚಿತ್ರ ನಮಗೂ ಹೊಸದಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ದ್ರೋಣ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಬಳಿ ನಿಂತು ನಿಂತು ಹೋಗುವುದನ್ನು ಓದಿದವರಿಗೆ ಇದು ತಿಳಿಯುತ್ತದೆ. ಅದಕ್ಕೆ ಕಾಯಿಲೆಯ ಚೀಟಿ ಅಂಟಿಸುವ ಉಸಾಬರಿ ನನಗೆ ಬೇಡ.

ಟಿವಿ ಎಡವುವುದೆಲ್ಲಿ? ಮೊದಲನೆಯದು, ಫ್ಲ್ಯಾಷ್‌ಬ್ಯಾಕಿನ ಮೇಲಿನ ಅತಿಮೋಹ. ಪರದೆ ಕಂಪಿಸುತ್ತದೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಬಾಂಬು ಸಿಡಿಯುತ್ತದೆ, ನಾಯಕ ಬೆವೆತು ಎದ್ದು ಕೂರುತ್ತಾನೆ. 2013ರ ಕೈಪಿಡಿ ಈ ಕಾಯಿಲೆಗೆ 20 ಲಕ್ಷಣಗಳನ್ನು ನಾಲ್ಕು ಗುಂಪು ಮಾಡಿ ಕೊಡುತ್ತದೆ. ಫ್ಲ್ಯಾಷ್‌ಬ್ಯಾಕ್ ಆ ಇಪ್ಪತ್ತರಲ್ಲಿ ಒಂದು, ಅದು ಒಮ್ಮೆಯೂ ಬರದೆಯೂ ಕಾಯಿಲೆ ಇರಬಹುದು. ಉಳಿದವು ಕ್ಯಾಮೆರಾಕ್ಕೆ ಒಗ್ಗುವುದಿಲ್ಲ. ಹಿಂದೆ ಖುಷಿ ಕೊಡುತ್ತಿದ್ದದ್ದು ಈಗ ಕೊಡುವುದಿಲ್ಲ. ಮಗಳನ್ನು ಎತ್ತಿಕೊಂಡರೂ ಎದೆಯಲ್ಲಿ ಏನೂ ಆಗುವುದಿಲ್ಲ. ಎಲ್ಲದಕ್ಕೂ ನಾನೇ ಕಾರಣ ಎಂಬ ಅಳಿಸಲಾಗದ ಲೆಕ್ಕ. ಇನ್ನು ದೂರ ಉಳಿಯುವುದು: ಆ ರಸ್ತೆಗೆ ಹೋಗದಿರುವುದು, ಆ ಫೋನು ಎತ್ತದಿರುವುದು, ಮದುವೆಗೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು. ಮನುಷ್ಯ ಮಾಡದೇ ಬಿಟ್ಟದ್ದನ್ನು ಕ್ಯಾಮೆರಾ ಹೇಗೆ ಹಿಡಿದೀತು? ಮನೆಯವರಿಗೆ ಮಾತ್ರ ಅದು ಕಾಣುತ್ತದೆ, ಅವರು ಅದನ್ನು ಸಿಡುಕು, ಸೋಮಾರಿತನ, ಸೊಕ್ಕು ಎಂದು ಕರೆಯುತ್ತಾರೆ.

ಎರಡನೆಯದು, ಪಿಟಿಎಸ್‌ಡಿ ಎಂದರೆ ಸೈನಿಕ ಎಂಬ ಚಿತ್ರ. ಅಮೆರಿಕದಲ್ಲಿ ನಡೆದು 1995ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬದುಕಿನಲ್ಲಿ ಯಾವಾಗಲಾದರೂ ಈ ಕಾಯಿಲೆಗೆ ತುತ್ತಾದವರು ಹೆಂಗಸರಲ್ಲಿ ಶೇ 10.4, ಗಂಡಸರಲ್ಲಿ ಶೇ 5. ಅತ್ಯಾಚಾರಕ್ಕೆ ಒಳಗಾದವರಲ್ಲಿ ಅದು ಕಾಣಿಸಿಕೊಳ್ಳುವ ಪ್ರಮಾಣವೇ ಎಲ್ಲಕ್ಕಿಂತ ಹೆಚ್ಚು. ಪರದೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು 2015ರ ‘ಜೆಸಿಕಾ ಜೋನ್ಸ್’ವರೆಗೆ ಕಾಯಬೇಕಾಯಿತು ಎನ್ನಬಹುದು, ವಿಚಿತ್ರವೆಂದರೆ ಅದೊಂದು ಸೂಪರ್‌ಹೀರೋ ಕಥೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಎದುರಿನವರಿಂದ ಮಾಡಿಸಬಲ್ಲ ಕಿಲ್‌ಗ್ರೇವ್ ಎಂಬವನ ಹಿಡಿತದಲ್ಲಿ ಜೆಸಿಕಾ ತಿಂಗಳುಗಟ್ಟಲೆ ಇದ್ದು ತಪ್ಪಿಸಿಕೊಂಡು ಬಂದವಳು. ಕಾರು ಎತ್ತುವ ತೋಳಿದ್ದರೂ ರಾತ್ರಿ ನಿದ್ದೆಯಿಲ್ಲ, ಕೈಯಲ್ಲಿ ಸದಾ ವಿಸ್ಕಿ. ಅವನ ನೆರಳು ಸುಳಿದಂತಾದಾಗ ಅವಳು ತಾನು ಬೆಳೆದ ಬೀದಿಗಳ ಹೆಸರನ್ನು ಒಂದೊಂದಾಗಿ ಪಿಸುಗುಡುತ್ತಾಳೆ: ಮೇನ್ ಸ್ಟ್ರೀಟ್, ಬರ್ಚ್ ಸ್ಟ್ರೀಟ್, ಹಿಗಿನ್ಸ್ ಡ್ರೈವ್, ಕೋಬಾಲ್ಟ್ ಲೇನ್. ಮಂತ್ರ ಪಠಿಸಿದ ಹಾಗೆ. ಇದು ಕಥೆಗಾರರ ಕಲ್ಪನೆಯಲ್ಲ. ಚಿಕಿತ್ಸಕರು ಹೇಳಿಕೊಡುವ ನಿಜವಾದ ಕ್ರಮ. ತಲೆ ಹಿಂದಕ್ಕೆ ಎಳೆಯುವಾಗ ಯಾವುದಾದರೊಂದು ಗಟ್ಟಿಯಾದದ್ದನ್ನು ಹಿಡಿದು ಇವತ್ತಿಗೆ ಮರಳುವುದು. ಧಾರಾವಾಹಿ ಅದನ್ನು ಮದ್ದು ಎಂದು ಮಾರುವುದಿಲ್ಲ. ಬೀದಿಯ ಹೆಸರು ಹೇಳಿ ಮುಗಿಸಿದ ಮೇಲೆ ಅವಳು ಮತ್ತೆ ಬಾಟಲಿಗೇ ಕೈ ಹಾಕುತ್ತಾಳೆ.

ಮೂರನೆಯದು, ಒಂದು ಸಲ ಬಾಯಿಬಿಟ್ಟರೆ ಗುಣ ಎಂಬ ನಂಬಿಕೆ. ವಿಜ್ಞಾನ ಕಥೆಯಲ್ಲದ ‘ದಿ ವೆಸ್ಟ್ ವಿಂಗ್’ನ 2000ದ ಡಿಸೆಂಬರ್‌ನ ‘ನೊಯೆಲ್’ ಕಂತು ಈ ಬಗೆಯಲ್ಲಿ ಅತ್ಯುತ್ತಮ, ಅಷ್ಟೇ ದಾರಿ ತಪ್ಪಿಸುವಂಥದ್ದು ಕೂಡ. ಗುಂಡೇಟು ತಿಂದು ಬದುಕಿದ ಶ್ವೇತಭವನದ ಅಧಿಕಾರಿ ಜಾಶ್ ಲೈಮನ್ ಅಂಗೈಗೆ ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದಾನೆ. ಗಾಜಿನ ಲೋಟ ಒಡೆಯಿತು ಎನ್ನುತ್ತಾನೆ. ಮನೋವೈದ್ಯ ಬಿಡುವುದಿಲ್ಲ. ದಿನವಿಡೀ ಕೆದಕಿದ ಮೇಲೆ ಹೊರಬೀಳುತ್ತದೆ: ಸೆಲ್ಲೋ ವಾದಕ ಯೋ-ಯೋ ಮಾ ಕ್ರಿಸ್ಮಸ್ ಸಂಗೀತ ಕಛೇರಿಯಲ್ಲಿ ಬಾಖ್‌ನ ಕೃತಿ ನುಡಿಸುತ್ತಿದ್ದಾಗ ಜಾಶ್‌ಗೆ ಸೆಲ್ಲೋ ದನಿಯ ಒಳಗೆ ಆಂಬುಲೆನ್ಸ್ ಸೈರನ್ ಕೇಳಿಸಿತ್ತು, ಮನೆಗೆ ಹೋಗಿ ಕಿಟಕಿಯ ಗಾಜಿಗೆ ಕೈ ಹಾಕಿದ್ದ. ಸಂಗೀತ ಸೈರನ್ ಆಗುವ ಆ ಬೆಸುಗೆ ಕಂಡಾಗ ಮೈ ಜುಮ್ಮೆನ್ನುತ್ತದೆ. ಆದರೆ ಸತ್ಯ ಹೊರಬಿದ್ದ ಕೂಡಲೇ ನೋಡುಗನಿಗೆ ಗಂಟು ಬಿಚ್ಚಿದ ಸಮಾಧಾನ ಸಿಕ್ಕಿಬಿಡುತ್ತದೆ. ಕೊಲೆಗಾರ ಸಿಕ್ಕಿಬಿದ್ದ ಪತ್ತೇದಾರಿ ಕಥೆಯ ಹಾಗೆ.

ನಿಜವಾದ ಚಿಕಿತ್ಸೆಯ ಕೋಣೆಯಲ್ಲಿ ಪತ್ತೆಯಾಗಬೇಕಾದ್ದು ಹೆಚ್ಚಿನ ಸಲ ಏನೂ ಇರುವುದಿಲ್ಲ. ಏನಾಯಿತೆಂದು ರೋಗಿಗೆ ಚೆನ್ನಾಗಿಯೇ ಗೊತ್ತು, ಅದೇ ತಾನೆ ತೊಂದರೆ. ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ, ಇಂದು ಬಹಳ ಕಡೆ ಬಳಕೆಯಲ್ಲಿರುವ ವಿಧಾನದಲ್ಲಿ ಸುಮಾರು 8ರಿಂದ 15 ಬೈಠಕ್ಕುಗಳು. ರೋಗಿ ಕಣ್ಣು ಮುಚ್ಚಿ ನಡೆದದ್ದನ್ನು ವರ್ತಮಾನ ಕಾಲದಲ್ಲಿ ಹೇಳಬೇಕು. ‘ಬಾಗಿಲು ಬಡಿದರು’ ಎಂದಲ್ಲ, ‘ಬಾಗಿಲು ಬಡಿಯುತ್ತಿದ್ದಾರೆ’ ಎಂದು. ಮುಗಿದರೆ ಮತ್ತೆ ಮೊದಲಿಂದ. ತನ್ನದೇ ದನಿಯ ಆ ಧ್ವನಿಮುದ್ರಣವನ್ನು ಮನೆಗೆ ಒಯ್ದು ದಿನವೂ ಕೇಳಬೇಕು. ಹತ್ತನೇ ಸಲ, ಇಪ್ಪತ್ತನೇ ಸಲ ಕೇಳುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಒಂದು ದಿನ ಕೇಳುತ್ತ ಕೇಳುತ್ತ ಬೇಸರವೂ ಬರಬಹುದು. ವರ್ತಮಾನದಲ್ಲಿ ಹೇಳಿ ಹೇಳಿಯೇ ಅದನ್ನು ಭೂತಕ್ಕೆ ಕಳಿಸುವ ಕೆಲಸ. ಈ ಬೇಸರವನ್ನು ಯಾವ ಚಾನೆಲ್ ತೋರಿಸೀತು ಹೇಳಿ. ಟಿಆರ್‌ಪಿ ಇದ್ದಲ್ಲಿ ಬೇಸರಕ್ಕೆ ಜಾಗವಿಲ್ಲ.

ನೆನಪನ್ನೇ ಅಳಿಸಿಬಿಟ್ಟರೆ? ಇದು ವಿಜ್ಞಾನ ಕಥೆಯ ಹಳೆಯ ಆಸೆ. 2018ರ ಧಾರಾವಾಹಿ ‘ಹೋಮ್‌ಕಮಿಂಗ್’ನಲ್ಲಿ ಯುದ್ಧದಿಂದ ಬಂದ ಹುಡುಗರಿಗೆ ಊಟದಲ್ಲಿ ಔಷಧಿ ಬೆರೆಸಿ ಕೆಟ್ಟ ನೆನಪು ತೆಗೆಯುತ್ತಾರೆ. ಕಾಳಜಿಯಿಂದಲ್ಲ, ಮತ್ತೆ ಯುದ್ಧಕ್ಕೆ ಕಳಿಸಲು. ಇದಕ್ಕೊಂದು ವೈಜ್ಞಾನಿಕ ಬೇರು ಇದೆ. 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದೇನೆಂದರೆ, ಭಯದ ನೆನಪು ಒಮ್ಮೆ ಕೆದಕಿದ ಮೇಲೆ ಸ್ವಲ್ಪ ಹೊತ್ತು ಹಸಿ ಜೇಡಿಯಂತಿರುತ್ತದೆ, ಆಗ ತಡೆಯೊಡ್ಡಿದರೆ ಮತ್ತೆ ಗಟ್ಟಿಯಾಗುವುದಿಲ್ಲ. ಆಮೇಲೆ ಪ್ರೊಪ್ರನಲಾಲ್ ಎಂಬ ಮಾಮೂಲಿ ಬಿಪಿ ಮಾತ್ರೆಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದರು. ಕೆಲವು ಕಡೆ ಫಲ ಕಂಡಿತು, ಕೆಲವು ಕಡೆ ಇಲ್ಲ. ಫಲ ಕಂಡಲ್ಲೂ ಇಳಿದದ್ದು ನೆನಪಿನ ಕಾವು ಮಾತ್ರ, ನೆನಪು ಹಾಗೇ ಇತ್ತು. ನಮ್ಮ ಸಿನಿಮಾಗಳಲ್ಲಿ ತಲೆಗೆ ಒಂದೇಟು ಬಿದ್ದು ಮರೆತದ್ದೆಲ್ಲ ಇನ್ನೊಂದೇಟಿಗೆ ಮರಳುತ್ತದೆ. ‘ಹೋಮ್‌ಕಮಿಂಗ್’ ಅದಕ್ಕಿಂತ ಜಾಣ ಕಥೆ, ಆದರೆ ದೂರದ ಸಂಬಂಧಿಯೇ.

ಇದೆಲ್ಲ ಪರದೆಯಲ್ಲೇ ಉಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ‘ಸಿಲ್ಕ್ ಬೋರ್ಡ್ ಜಾಮಲ್ಲಿ ಎರಡು ಗಂಟೆ, ಫುಲ್ ಪಿಟಿಎಸ್‌ಡಿ ಗುರೂ’ ಎನ್ನುವ ಬೆಂಗಳೂರಿನ ಹುಡುಗ ಈ ಪದ ಕಲಿತದ್ದು ವೈದ್ಯರಿಂದಲ್ಲ, ಓಟಿಟಿಯಿಂದ. ಪದ ಅಗ್ಗವಾಯಿತು ಎಂದು ನಾನು ರೇಗುವುದಿಲ್ಲ, ಹೆಸರೇ ಇಲ್ಲದಿದ್ದ ಕಾಲಕ್ಕಿಂತ ಇದು ವಾಸಿ. ಅಡ್ಡಿ ಇನ್ನೊಂದಿದೆ: ಕೆಟ್ಟದ್ದನ್ನು ಕಂಡವರೆಲ್ಲ ಮುರಿದೇ ಹೋಗುತ್ತಾರೆ ಎಂದು ಪರದೆ ಕಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು ಶೇ 70 ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ, ಅವರಲ್ಲಿ ಈ ಕಾಯಿಲೆಗೆ ಬೀಳುವವರು ಶೇ 5.6. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ನಮ್ಮ ನಿಮ್ಹಾನ್ಸ್ ತಂಡಗಳು ಅಲ್ಲಿಗೆ ಹೋಗಿ ಹೆಚ್ಚು ಒತ್ತು ಕೊಟ್ಟದ್ದು ಊರಿನದೇ ಕಾರ್ಯಕರ್ತರಿಗೆ ತರಬೇತಿ ಕೊಡುವುದಕ್ಕೆ. ಮನೆ ಮನೆಗೆ ಹೋಗಿ ಕೂತು ಕೇಳುವುದು, ಮಕ್ಕಳನ್ನು ಆಟಕ್ಕೆ ಹಚ್ಚುವುದು, ದಿನಚರಿಗೆ ಮರಳಿಸುವುದು. ಈಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ರೊನಾಲ್ಡ್ ಮೂರ್‌ಗೆ ಬರುತ್ತೇನೆ, ಈ ವಿಷಯ ಅವನನ್ನು ಬಿಟ್ಟೇ ಇಲ್ಲ. 2004ರಲ್ಲಿ ಅವನ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿಯ ಮೊದಲ ಕಂತು ‘33’ ಬಂತು. ಪ್ರತಿ 33 ನಿಮಿಷಕ್ಕೊಮ್ಮೆ ಶತ್ರು ಬರುತ್ತಾನೆ, ಓಡಬೇಕು. ಐದು ದಿನಕ್ಕೂ ಮೇಲೆ ಯಾರೂ ಮಲಗಿಲ್ಲ. ಕಣ್ಣೆಲ್ಲ ಕೆಂಪು, ಗೋಡೆಯ ಗಡಿಯಾರ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಒಂದು ಸಲ 33 ನಿಮಿಷ ದಾಟಿಯೂ ಶತ್ರು ಬರುವುದಿಲ್ಲ, ಆಗ ಅವರಿಗೆ ಇನ್ನೂ ಹೆಚ್ಚು ದಿಗಿಲು. ‘ಆಘಾತೋತ್ತರ’ ಎಂಬ ಪದದೊಳಗಿನ ‘ಉತ್ತರ’ಕ್ಕೆ ಇಲ್ಲಿ ಅರ್ಥವೇ ಇಲ್ಲ. ಕುಡಿದು ಹೊಡೆಯುವ ಗಂಡನಿರುವ ಮನೆಯಲ್ಲೂ ಇಲ್ಲ.

ಆದರೆ ನನ್ನ ಮಟ್ಟಿಗೆ ಅವನ ಗಟ್ಟಿ ಬರವಣಿಗೆ 1998ರ ಡಿಸೆಂಬರ್‌ನಲ್ಲಿ ‘ಡೀಪ್ ಸ್ಪೇಸ್ ನೈನ್’ಗೆ ಬರೆದ ‘ಇಟ್ಸ್ ಓನ್ಲಿ ಎ ಪೇಪರ್ ಮೂನ್’. ನಾಗ್ ಎಂಬ ಹುರುಪಿನ ಹುಡುಗ ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದಾನೆ. ಹೊಸ ಕಾಲು ಜೋಡಿಸಿದ್ದಾರೆ. ವೈದ್ಯರ ಪ್ರಕಾರ ಕಾಲಿಗೆ ಏನೂ ಆಗಿಲ್ಲ, ಅವನು ಮಾತ್ರ ಕೋಲೂರಿ ಕುಂಟುತ್ತಾನೆ. ಯುದ್ಧದ ಆ ರಾತ್ರಿ ಕೇಳಿದ ಒಂದು ಹಳೆಯ ಹಾಡನ್ನು ಜೊತೆಯವನಿಗೆ ತಲೆ ಚಿಟ್ಟು ಹಿಡಿಯುವಷ್ಟು ಸಲ ಹಾಕುತ್ತಾನೆ. ಕೊನೆಗೆ ಕೋಣೆ ಬಿಟ್ಟು ಹೋಲೋಸೂಟ್‌ಗೆ, ಅಂದರೆ ಕಂಪ್ಯೂಟರ್ ಹೆಣೆದ ಸುಳ್ಳು ಜಗತ್ತಿಗೆ ಹೋಗಿ ಅಲ್ಲೇ ಬಿಡಾರ ಹೂಡುತ್ತಾನೆ. ಅದು 1962ರ ಲಾಸ್ ವೇಗಸ್. ಅಲ್ಲಿನ ಗಾಯಕ ವಿಕ್ ಫಾಂಟೇನ್ ಕೂಡ ಬೆಳಕಿನ ಗೊಂಬೆ, ಆ ಹಾಡು ಅವನದೇ. ನಾಗ್ ಅವನ ಮನೆಯಲ್ಲಿ ಮಲಗುತ್ತಾನೆ, ಟಿವಿ ನೋಡುತ್ತಾನೆ, ಕ್ಲಬ್ಬಿನ ಲೆಕ್ಕಪತ್ರ ಸರಿ ಮಾಡುತ್ತಾನೆ. ಲೆಕ್ಕ ಬರೆಯುತ್ತ ಬರೆಯುತ್ತ ಕೋಲು ಮರೆತು ಓಡಾಡತೊಡಗುತ್ತಾನೆ.

ಇದರ ತಲೆಕೆಳಗಿನ ಪ್ರಯೋಗ ನಿಜಜೀವನದಲ್ಲಿ ಆಗಲೇ ಶುರುವಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅಟ್ಲಾಂಟಾದ ಸಂಶೋಧಕರು ವಿಯೆಟ್ನಾಂ ಯೋಧರ ಕಣ್ಣಿಗೆ ಕಂಪ್ಯೂಟರ್ ಚಿತ್ರ ತೋರಿಸುವ ಪರದೆ ಕಟ್ಟಿ, ಹೆಲಿಕಾಪ್ಟರ್ ಸದ್ದು ಕೇಳಿಸಿ, ಕಾಡಿನ ಮೇಲೆ ಹಾರಿಸಿದರು. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇರಾಕ್ ಯೋಧರಿಗಾಗಿ ಮಾಡಿದ್ದರಲ್ಲಿ ವಾಸನೆ ಚಿಮ್ಮಿಸುವ ಯಂತ್ರವೂ ಇತ್ತು. ಸುಳ್ಳು ಜಗತ್ತು ನಾಗ್‌ನನ್ನು ಯುದ್ಧದಿಂದ ಬಚ್ಚಿಡುತ್ತದೆ, ಇವರದು ಯುದ್ಧಕ್ಕೇ ಮರಳಿ ಕರೆದೊಯ್ಯುತ್ತದೆ. ವಿಧಾನ ಎದುರುಬದುರಾದರೂ ಎರಡಕ್ಕೂ ಒಂದು ನಿಯಮ ಸಮಾನ: ಕೊನೆಗೆ ಯಾರಾದರೂ ಸ್ವಿಚ್ ಆರಿಸಬೇಕು.

ವಿಕ್ ಆರಿಸುತ್ತಾನೆ. ಗೊಂಬೆಯೇ ತನ್ನನ್ನು ತಾನು ಆರಿಸಿಕೊಳ್ಳುತ್ತದೆ, ಖಾಲಿ ಕೋಣೆಯಲ್ಲಿ ನಾಗ್ ಒಬ್ಬನೇ. ಮತ್ತೆ ಹೊತ್ತಿಸಲು ಒದ್ದಾಡಿ, ಸಿಟ್ಟಾಗಿ, ಕೊನೆಗೆ ಅಳುತ್ತಾನೆ. ಯುದ್ಧದಲ್ಲಿ ಬೇರೆಯವರು ಸಾಯುವುದನ್ನು ನೋಡಿದ್ದೆ, ನನಗೇನೂ ಆಗುವುದಿಲ್ಲ ಅಂದುಕೊಂಡಿದ್ದೆ, ಕಾಲು ಹೋದ ಮೇಲೆ ಗೊತ್ತಾಯಿತು ಯಾವತ್ತು ಏನು ಬೇಕಾದರೂ ಆಗಬಹುದು, ಹೊರಗೆ ಹೋಗಲು ಭಯ ಎನ್ನುತ್ತಾನೆ. ವಿಕ್ ಮರಳಿ ಬಂದು ಹೇಳುವುದಿಷ್ಟು: ಇಲ್ಲೇ ಇದ್ದರೂ ಸಾಯುತ್ತೀಯ, ಒಂದೇ ಸಲಕ್ಕಲ್ಲ, ಚೂರು ಚೂರಾಗಿ. ನಾಗ್ ಹೊರಗೆ ಬರುತ್ತಾನೆ. ಆರಾಮಾಗಿದ್ದೀಯಾ ಎಂದು ಮನೆಯವರು ಕೇಳುತ್ತಾರೆ. ಇಲ್ಲ, ಆದರೆ ಆಗುತ್ತೇನೆ ಎನ್ನುತ್ತಾನೆ.

ಆಮೇಲೆ ಅವನು ಹಗುರ ಕೆಲಸಕ್ಕೆ ಹಾಜರಾಗುತ್ತಾನೆ, ಇನ್ನೂ ಸ್ವಲ್ಪ ಕುಂಟುತ್ತಲೇ. ಬಿಡುವಿನಲ್ಲಿ ತನ್ನ ದೊಡ್ಡಪ್ಪನ ಹತ್ತಿರ ಮಾತಾಡಿ ಒಂದು ಏರ್ಪಾಡು ಮಾಡಿಸುತ್ತಾನೆ. ಗಿರಾಕಿ ಇರಲಿ ಬಿಡಲಿ, ಆ ಸುಳ್ಳು ಲಾಸ್ ವೇಗಸ್ ಇನ್ನು ಮುಂದೆ ಆರುವಂತಿಲ್ಲ. ಆ ನಿಲ್ದಾಣದಲ್ಲಿ ದಿನಕ್ಕೆ 26 ಗಂಟೆ. ಅಷ್ಟೂ ಹೊತ್ತು ವಿಕ್‌ನ ಮನೆಯ ದೀಪ ಉರಿಯುತ್ತಿರುತ್ತದೆ.